ಎಂಪ್ಸನ್ ಚೀನಾ ದಿನಗಳನ್ನೂ ಸೇರಿಸಿ

ಇಂಗ್ಲಿಷ್ ಕವಿ, ವಿಮರ್ಶಕ ವಿಲಿಯಂ ಎಂಪ್ಸನ್ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಅವರು ಓದಿದ ಕೇಂಬ್ರಿಜ್‌ನಿಂದ ಸೀದಾ ಆಮೇಲೆ ಪ್ರೊಫೆಸರ್ ಆಗಿದ್ದ ಶೆಫೀಲ್ಡ್‌ಗೆ ಹಾರಿಬಿಟ್ಟಿದ್ದೀರಿ. ನಡುವಿನ ಚೀನಾ ಕಥೆಯೇ ಇಲ್ಲ! ನನಗೆ ಜಾಸ್ತಿ ಇಷ್ಟ ಅದೇ.

1937ರಲ್ಲಿ ಅವರು ಅಲ್ಲಿಗೆ ಪಾಠ ಮಾಡಲು ಹೋದ ಹೊತ್ತಿಗೆ ಜಪಾನ್ ಜೊತೆ ಯುದ್ಧ ಶುರುವಾಗಿತ್ತು. ವಿಶ್ವವಿದ್ಯಾಲಯಗಳೇ ಗಂಟುಮೂಟೆ ಕಟ್ಟಿ ಒಳನಾಡಿಗೆ ಹೊರಟಿದ್ದವು. ಮೊದಲು ನಾನ್‌ಯುಯೆ ಬೆಟ್ಟ, ಆಮೇಲೆ ಕುನ್‌ಮಿಂಗ್. ಪುಸ್ತಕಗಳು ಹಿಂದೆಯೇ ಉಳಿದಿದ್ದವು. ಎಂಪ್ಸನ್ ಇಂಗ್ಲಿಷ್ ಪದ್ಯಗಳನ್ನು ನೆನಪಿನಿಂದಲೇ ಹೇಳಿ ಪಾಠ ಮಾಡಿದರು. ನಮಗೆ ಗೈಡ್ ಇಲ್ಲದೆ ಒಂದು ಪದ್ಯ ದಾಟಲ್ಲ, ಅಲ್ವಾ?

ಇನ್ನೊಂದು ಮಾತು. 1929ರಲ್ಲಿ ಕೋಣೆಯಲ್ಲಿ ಕಾಂಡೋಮ್ ಸಿಕ್ಕಿತು ಅಂತ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜು ಅವರನ್ನು ಹೊರಗೆ ಹಾಕಿತು. ಮರುವರ್ಷವೇ ಅವರ ವಿಮರ್ಶೆಯ ಪುಸ್ತಕ ‘ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಟಿ’ ಬಂತು. ಆಗ ವಯಸ್ಸು 24! ಮೊದಲು ಓದಿದ್ದು ಗಣಿತ. ಒಂದು ಪದವನ್ನು ಹಿಡಿದು ಅದರ ಅರ್ಥಗಳನ್ನೆಲ್ಲ ಬಿಡಿಸಿಡುವ ರೀತಿಯಲ್ಲಿ ಲೆಕ್ಕದ ಮೇಷ್ಟ್ರ ಛಾಯೆ ನನಗಂತೂ ಕಾಣುತ್ತದೆ.

ಅವರ ಕವಿತೆಗಳು ಕಷ್ಟ ಅಂದಿದ್ದೀರಿ, ನಿಜ. ‘ಮಿಸ್ಸಿಂಗ್ ಡೇಟ್ಸ್’ ಮಾತ್ರ ಒಮ್ಮೆ ಜೋರಾಗಿ ಓದಿ. ಎರಡೇ ಸಾಲು ಮತ್ತೆ ಮತ್ತೆ ಬರುತ್ತವೆ, ಪ್ರತಿ ಸಲ ಸ್ವಲ್ಪ ಹೆಚ್ಚು ಭಾರವಾಗಿ.