ಸಾವಿರ ರೂಪಾಯಿಗೆ ಒಳ್ಳೆ ಆಟ ಸಿಗುತ್ತದೆ

ನಿನ್ನೆ ಸಂಜೆ ಬೆಂಗಳೂರಿನ ಒಂದು ಗೇಮ್ ಕೆಫೆಯಲ್ಲಿ ನೋಡಿದ್ದಕ್ಕೆ ಇನ್ನೂ ಮೈ ಉರಿಯುತ್ತಿದೆ. ಕಾಲೇಜು ಹುಡುಗನೊಬ್ಬ ಪಕ್ಕದ ಟೇಬಲ್‌ನವರನ್ನು ಸಂಕೋಚದಿಂದಲೇ ಕೇಳಿದ: "ಅಣ್ಣಾ, ನನ್ನತ್ರ ಸಾವಿರ ರೂಪಾಯಿ ಇದೆ. ಮೊದಲನೇ ಬೋರ್ಡ್ ಗೇಮ್ ಯಾವುದು ತಗೊಳ್ಳಲಿ?" ಉತ್ತರ ಬಂತು: "ಅಷ್ಟಕ್ಕೆ ಏನೂ ಬರಲ್ಲಪ್ಪ. ದುಡ್ಡು ಕೂಡಿಟ್ಕೊಂಡು ದೊಡ್ಡದು ತಗೊ."

ಯಾಕ್ರೀ ಬರಲ್ಲ? ಡಬ್ಬಿ ಎಷ್ಟು ದಪ್ಪ, ಒಳಗೆ ಎಷ್ಟು ಬೊಂಬೆ ಅಂತ ನೋಡಿ ಆಟ ಅಳೆಯುವ ಈ ಚಾಳಿ ಎಲ್ಲಿಂದ ಬಂತು?

'6 ನಿಮ್ಟ್' ಅನ್ನುವ ಕಾರ್ಡಾಟ ನೋಡಿ. ಜರ್ಮನಿಯ ವೋಲ್ಫ್‌ಗಾಂಗ್ ಕ್ರಾಮರ್ 1994ರಲ್ಲಿ ಮಾಡಿದ್ದು. ಇರುವುದು 104 ಕಾರ್ಡು, ಅಷ್ಟೇ. ಹತ್ತು ಜನರವರೆಗೂ ಕೂತು ಆಡಬಹುದು. 'ಲವ್ ಲೆಟರ್' ಮೊದಲು ಬಂದಾಗ ಅದರಲ್ಲಿದ್ದದ್ದು ಬರೀ 16 ಕಾರ್ಡು. ಇಂಥ ಸಣ್ಣ ಡಬ್ಬಿಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ಸಾವಿರ ರೂಪಾಯಿ ಕಡಿಮೆ ದುಡ್ಡೇನಲ್ಲ.

ನನಗೆ ತುಂಬಾ ಇಷ್ಟವಾದದ್ದು 'ನೋ ಥ್ಯಾಂಕ್ಸ್'. 3ರಿಂದ 35ರವರೆಗೆ 33 ಕಾರ್ಡು. ಅದರಲ್ಲಿ ಒಂಬತ್ತನ್ನು ನೋಡದೆ ಪಕ್ಕಕ್ಕಿಡಬೇಕು. ನಿಮ್ಮ ಸರದಿ ಬಂದಾಗ ಎದುರಿಗಿರುವ ಕಾರ್ಡು ತಗೊಳ್ಳಿ, ಇಲ್ಲವೇ ಅದರ ಮೇಲೆ ಒಂದು ಬಿಲ್ಲೆ ಇಟ್ಟು ಮುಂದಿನವರಿಗೆ ದಾಟಿಸಿ. ಕಾರ್ಡಿನ ಅಂಕಿ ನಿಮಗೆ ಹೊರೆ, ಉಳಿದ ಬಿಲ್ಲೆ ಲಾಭ. 27, 28, 29 ಹೀಗೆ ಸಾಲಾಗಿ ಸಿಕ್ಕರೆ 27 ಮಾತ್ರ ಲೆಕ್ಕ. ಬಿಲ್ಲೆ ಮುಗಿದವನ ಮುಂದೆ 34 ಬಂದು ಕೂತಾಗ ಅವನ ಮುಖ ನೋಡಬೇಕು! ನಮ್ಮ ಮನೆಯಲ್ಲಿ ಬಿಲ್ಲೆಗೆ ಹುಣಸೆ ಬೀಜ. ಇಂಗ್ಲಿಷ್ ಓದಲು ಬಾರದ ನಮ್ಮಜ್ಜಿ ಎಲ್ಲರನ್ನೂ ಸೋಲಿಸುತ್ತಾರೆ. ದುಬಾರಿ ಆಟಗಳಲ್ಲಿ ಎಷ್ಟೋ ಕಡೆ ಕಾರ್ಡಿನ ತುಂಬಾ ಇಂಗ್ಲಿಷ್. ಅಲ್ಲಿ ಅಜ್ಜಿಗೆ ಜಾಗವೇ ಇಲ್ಲ.

ಅಜ್ಜಿಗೆ ಇದೇನು ಹೊಸದೂ ಅಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ನಾಲ್ಕು ಕವಡೆ ಹಾಕಿ ಚೌಕಾಬಾರ ಆಡಿದವರು ಅವರು. ಅಳಗುಳಿಮಣೆಗೂ ಇದೇ ಹುಣಸೆ ಬೀಜ. ಇಂಥ ಆಟಗಳ ನಾಡಲ್ಲಿ ಹುಟ್ಟಿದ ನಾವು ಇವತ್ತು ದುಡ್ಡಿಲ್ಲದವನಿಗೆ ಆಟ ಇಲ್ಲ ಅನ್ನುತ್ತೇವೆ. ನನಗೆ ನಿಜವಾಗಿ ನೋವಾಗುವುದು ಇಲ್ಲೇ.

"ಒಳ್ಳೆ ಚಿತ್ರ, ಒಳ್ಳೆ ಸಾಮಾನಿಗೆ ಬೆಲೆ ಕೊಡಬೇಕಲ್ವಾ?" ಅಂತ ಕೇಳುವವರಿದ್ದೀರಿ. ಸರಿ, 'ವಿಂಗ್‌ಸ್ಪ್ಯಾನ್' ಚೆಂದದ ಆಟ. 170 ಹಕ್ಕಿ ಕಾರ್ಡು, ಒಂದೊಂದೂ ಬೇರೆ. ಮಾಡಿದವರಿಗೆ ದುಡ್ಡು ಸೇರಲೇಬೇಕು. ನಕಲಿ ಮಾಲು ಕೊಳ್ಳಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅದು ಐದನೇ ಆಟವಾಗಲಿ, ಮೊದಲನೆಯದು ಯಾಕಾಗಬೇಕು? ಬೋರ್ಡ್ ಗೇಮ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಸಂತೋಷ. ಆದರೆ ಹೊರದೇಶದ ದೊಡ್ಡ ಡಬ್ಬಿ ಅಷ್ಟರಿಂದಲೇ ವಿದ್ಯಾರ್ಥಿಯ ಕೈಗೆ ಎಟುಕುವುದಿಲ್ಲ.

ಕೊಳ್ಳುವ ಮೊದಲು ಬೋರ್ಡ್ ಗೇಮ್ ಅರೀನಾ ಅನ್ನುವ ವೆಬ್‌ಸೈಟಿನಲ್ಲಿ ಆಡಿ ನೋಡಿ, ಅಲ್ಲಿ ಎಷ್ಟೋ ಆಟ ಪುಕ್ಕಟೆ. ನಾಲ್ಕು ಗೆಳೆಯರಿದ್ದರೆ ನಾಲ್ಕೂ ಜನ ಒಂದೇ ಆಟ ಕೊಳ್ಳಬೇಡಿ, ಬೇರೆ ಬೇರೆ ಕೊಂಡು ಬದಲಾಯಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ನಿಯಮದ ಪುಸ್ತಕದಲ್ಲಿರುವ ಪಟ್ಟಿ ಇಟ್ಟುಕೊಂಡು ಎಲ್ಲ ಕಾರ್ಡು, ಕಾಯಿ ಎಣಿಸಿಯೇ ದುಡ್ಡು ಕೊಡಿ. ಒಂದು ಕಾರ್ಡು ಕಮ್ಮಿಯಿದ್ದರೂ ಕೆಲವು ಆಟ ಕೆಟ್ಟಂತೆಯೇ.

ನಿಮ್ಮ ಕಪಾಟಿನಲ್ಲಿ ಆಡದೆ ಕೂತಿರುವ ಸಣ್ಣ ಡಬ್ಬಿಗಳಿದ್ದರೆ ಕಾಮೆಂಟ್‌ನಲ್ಲಿ ಹೆಸರು, ಬೆಲೆ ಹಾಕಿ. ಕೊಳ್ಳುವವರನ್ನು ನಾನು ಹುಡುಕಿ ಕೊಡುತ್ತೇನೆ.