ಲಡಾಖ್ 2016

ನಮ್ಮ ಐದು ಜನರ ವಾಟ್ಸಾಪ್ ಗ್ರೂಪಿನ ಹೆಸರು ಇವತ್ತಿಗೂ 'ಲಡಾಖ್ 2016'. ಲಡಾಖಿಗೆ ನಾವು ಹೋಗಲೇ ಇಲ್ಲ. ಇಬ್ಬರ ಹತ್ತಿರ ಬುಲೆಟ್ ಇತ್ತು, ಒಬ್ಬನ ಹತ್ತಿರ ಒಳ್ಳೇ ಕ್ಯಾಮೆರಾ, ಇನ್ನೊಬ್ಬನ ಹತ್ತಿರ ಎಕ್ಸೆಲ್ ಶೀಟು. ಮನಾಲಿಯಿಂದ ಲೇಹ್ ತನಕ ಯಾವ ರಾತ್ರಿ ಎಲ್ಲಿ ಮಲಗೋದು, ಬಾರಾಲಾಚಾ ಲಾ ಅನ್ನೋ ಘಾಟಿ ಎಷ್ಟು ಹೊತ್ತಿಗೆ ದಾಟೋದು, ಎಲ್ಲಾ ಅದರಲ್ಲಿತ್ತು. ತಾಂಡಿಯಲ್ಲಿ ಟ್ಯಾಂಕ್ ತುಂಬಿಸದಿದ್ದರೆ ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅಂತ ಕೆಂಪು ಅಕ್ಷರದಲ್ಲಿ ಬರೆದಿದ್ದ ಪುಣ್ಯಾತ್ಮ. ಆಮೇಲೆ ಒಬ್ಬನಿಗೆ ಮಗು ಆಯ್ತು, ಒಬ್ಬ ಆನ್‌ಸೈಟ್ ಹೋದ, ಒಬ್ಬ ಕನಕಪುರ ರಸ್ತೆಯಲ್ಲಿ ಫ್ಲಾಟ್ ತಗೊಂಡ. ಬುಲೆಟ್‌ಗಳು ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ಮಲಗಿದವು. ಗ್ರೂಪಿನಲ್ಲಿ ಉಳಿದದ್ದು ವರ್ಷಕ್ಕೆ ಐದು ಹುಟ್ಟುಹಬ್ಬ, ಮಿಕ್ಕಂತೆ ಫಾರ್ವರ್ಡು.

ಈ ಬರಹ ಆ ಎಕ್ಸೆಲ್ ಮಾಡಿದವನ ಬಗ್ಗೆ. ಬರ್ಕೋ, ಹೆಸರು ಮಾತ್ರ ಹಾಕಬೇಡ ಅಂದಿದ್ದಾನೆ.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾಯಿತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, ಅದೇ ವಾರ ಗಾಂಧಿ ಬಜಾರಿನಲ್ಲಿ ಸಿಕ್ಕಿದ್ದ. ಅರ್ಧ ಗಂಟೆ ನಿಂತುಕೊಂಡೇ ಕಾಫಿ ಕುಡಿದೆವು. ನಾನು ಬೆನ್ನು ತಟ್ಟಿ, "ಬಿಡು ಮಗಾ, ಇನ್ನು ಸಿಲ್ಕ್ ಬೋರ್ಡ್ ಕಾಟ ತಪ್ತು, ಜುಮ್ಮಂತ ಎಲೆಕ್ಟ್ರಾನಿಕ್ ಸಿಟಿಗೆ ಹೋಗ್ತೀಯ" ಅಂದೆ. "ಹೂಂ ಮಗಾ" ಅಂದ. ಟಿಕೆಟ್ ದರ ಜಾಸ್ತಿ, ರೈಲು ಕಮ್ಮಿ ಅಂತ ಇಬ್ಬರೂ ಬೈದು ಮನೆಗೆ ಹೋದೆವು.

ಅವನ ಕೆಲಸ ಜೂನ್‌ನಲ್ಲೇ ಹೋಗಿತ್ತು.

ಅದು ನನಗೆ ಗೊತ್ತಾಗಿದ್ದು ನವೆಂಬರ್‌ನಲ್ಲಿ, ಕುಮಾರ ಪರ್ವತದ ಕಾಡಿನೊಳಗೆ. ಲಡಾಖ್ ಅಂತೂ ಆಗಲಿಲ್ಲ, ಇದಾದ್ರೂ ಆಗ್ಲಿ ಅಂತ ಗ್ರೂಪಿನಲ್ಲಿ ಯಾರೋ ಹಾಕಿದ್ದ ಮೆಸೇಜಿಗೆ ಪವಾಡದಂತೆ ಐದೂ ಜನ ಹೂಂ ಅಂದಿದ್ದರು. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಮುಗಿಬಿದ್ದ ಫೋಟೋ ನೀವೂ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು ಜನರ ಸಂಖ್ಯೆಗೆ ಮಿತಿ ಹಾಕಿತು. ಬುಕಿಂಗ್ ಮಾಡಿದವನು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಶಿರಾಡಿ ಘಾಟಿಯಲ್ಲಿ ಒಬ್ಬರ ಮೇಲೊಬ್ಬರು ತೂಕಡಿಸಿ, ಬೆಳಗ್ಗೆ ಸುಬ್ರಹ್ಮಣ್ಯದಲ್ಲಿ ಇಳಿದೆವು.

ಪರ್ವತದ ಎತ್ತರ 1712 ಮೀಟರ್. ಲೆಕ್ಕಕ್ಕೆ ಸಣ್ಣದು, ಆದರೆ ಕುಕ್ಕೆ ಇರೋದು ಬುಡದಲ್ಲಿ. ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಏರು ನಮ್ಮ ಕಾಲೇ ಹತ್ತಬೇಕು. ದಾರಿ ನಡುವೆ ಸಿಗುವ ಭಟ್ಟರ ಮನೆ ತನಕದ ಕಾಡುದಾರಿಯಲ್ಲೇ ನನ್ನ ಎಡ ಮಂಡಿ ಕೈ ಕೊಟ್ಟಿತು. ಮೂವರು ಮುಂದೆ ಹೋದರು. ಇವನು ಮಾತ್ರ, "ನಾನು ಹಿಂದೆ ಬರ್ತೀನಿ, ನೀನು ನಡೀತಾ ಇರು" ಅಂತ ನನ್ನ ಹಿಂದೆ ನಿಂತ.

ಬೇರು, ಕಲ್ಲು, ಒಬ್ಬರೇ ಹೋಗಬಹುದಾದ ದಾರಿ. ನನಗೆ ಅವನ ಮುಖ ಕಾಣ್ತಿರಲಿಲ್ಲ, ಅವನಿಗೆ ನನ್ನ ಬ್ಯಾಗು ಮಾತ್ರ ಕಾಣ್ತಿತ್ತು. ಅಂಥ ಜಾಗದಲ್ಲಿ ಹಿಂದಿನಿಂದ ದನಿ ಬಂತು: "ಮಗಾ, ಕೆಲಸ ಹೋಗಿ ಐದು ತಿಂಗಳಾಯ್ತು."

ನಾನು ತಿರುಗಲಿಲ್ಲ. ಏನು ಹೇಳಿದೆ ಗೊತ್ತಾ? "ನೀರಿದೆಯಾ?" ಅಂದೆ.

ಬಾಟಲಿ ಕೊಟ್ಟ. ಕುಡಿದು ವಾಪಸ್ ಕೊಟ್ಟೆ. ಆಮೇಲೆ ಅವನೇ ಹೇಳುತ್ತಾ ಬಂದ: ಇಎಂಐ, ಮಗಳ ಫೀಸು, ಇಂಟರ್ವ್ಯೂನಲ್ಲಿ ತನಗಿಂತ ಹದಿನೈದು ವರ್ಷ ಚಿಕ್ಕ ಹುಡುಗ 'ಐದು ವರ್ಷದ ನಂತರ ಎಲ್ಲಿರ್ತೀರಿ' ಅಂತ ಕೇಳಿದ್ದು. ಹಣಕ್ಕಿಂತ ಇನ್ನೊಂದು ಕಷ್ಟವಂತೆ. ಬೆಳಗ್ಗೆ ಒಂಬತ್ತೂವರೆಗೆ ತನಗೋಸ್ಕರ ಯಾರೂ ಕಾಯುತ್ತಿಲ್ಲ ಅನ್ನೋದು. ನನಗೆ ಹಳದಿ ಮೆಟ್ರೋ ನೆನಪಾಗಿ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮರುದಿನ ಅವರು ಮೂವರು ಶೇಷ ಪರ್ವತ ದಾಟಿ ತುದಿಗೆ ಹೋದರು. ನಾನೂ ಇವನೂ ಕಲ್ಲು ಮಂಟಪದಲ್ಲೇ ಕೂತೆವು. ನೀನು ಹೋಗೋ ಅಂದರೆ ಕೇಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಇದನ್ನ ಕೇಳೋಕೆ ಸುಬ್ರಹ್ಮಣ್ಯದ ತನಕ ಹೋಗ್ಬೇಕಿತ್ತಾ? ಗಾಂಧಿ ಬಜಾರಲ್ಲಿ ಏನಾಗಿತ್ತು ನಿಮಗೆ?" ಅಂದಳು. ಅವಳು ಹುರುಳಿಕಾಯಿ ಬಿಡಿಸುತ್ತಾ ಸ್ಪೀಕರ್ ಹಾಕಿಕೊಂಡು ಗೆಳತಿಯ ಅತ್ತೆ, ಥೈರಾಯ್ಡ್, ಸಾಲ ಎಲ್ಲವನ್ನೂ ಮುಕ್ಕಾಲು ಗಂಟೆಯಲ್ಲಿ ವಿಚಾರಿಸಿ ಮುಗಿಸುತ್ತಾಳೆ. ನಾವು ಬೆಟ್ಟದಲ್ಲಿ 'ನಮ್ಮನ್ನು ಹುಡುಕಿಕೊಳ್ಳುವ' ಎರಡು ದಿನ ಮಕ್ಕಳನ್ನು ನೋಡಿಕೊಂಡವಳೂ ಅವಳೇ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅದಕ್ಕೇ ಈ ರೀಲ್ಸ್ ನೋಡಿದರೆ ನನಗೆ ರೇಗುತ್ತದೆ. ಬೈಕ್ ಹತ್ತು, ಹಿಮಾಲಯಕ್ಕೆ ಹೋಗು, ಬದುಕಿನ ಗುರಿ ಸಿಗುತ್ತೆ ಅಂತ. ಲಡಾಖಿನ ಖಾರ್ದುಂಗ್ ಲಾ ಘಾಟಿಯಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಬೋರ್ಡಿನಲ್ಲಿ 18,380 ಅಡಿ ಅಂತಿತ್ತು. ಜಿಪಿಎಸ್ ಹಿಡಿದು ಅಳೆದವರಿಗೆ ಸಿಕ್ಕಿದ್ದು ಸುಮಾರು 17,580. ಗಂಡಸರ ಸಾಹಸದ ಕಥೆಗಳಿಗೂ ಈ ಎಂಟುನೂರು ಅಡಿ ಕಳೆದು ಕೇಳಬೇಕು.

1953ರ ಎವರೆಸ್ಟನ್ನೇ ತಗೊಳ್ಳಿ. ತುದಿ ಮುಟ್ಟುವ ಮೊದಲು, ಕೆಳಗೆ ಖುಂಬು ಐಸ್‌ಫಾಲ್ ಅನ್ನೋ ಹಿಮನದಿಯ ಇಳಿಜಾರಿನಲ್ಲಿ, ಹಿಲರಿ ಬಿರುಕಿಗೆ ಬಿದ್ದಾಗ ಹಗ್ಗ ಬಿಗಿಹಿಡಿದು ಉಳಿಸಿದವರು ತೇನ್ಸಿಂಗ್. ಮೊದಲು ಕಾಲಿಟ್ಟವರು ಯಾರು ಅಂತ ಲೋಕವೆಲ್ಲ ಪೀಡಿಸಿದರೂ ಇಬ್ಬರೂ 'ಜೊತೆಗೇ ಹೋದೆವು' ಅಂತಲೇ ಅಂದರು. ಹಿಲರಿ ಅಂತ ತೇನ್ಸಿಂಗೇ ಬಾಯಿಬಿಟ್ಟಿದ್ದು 1955ರಲ್ಲಿ. ಇನ್ನು ಹಿಲರಿ ತಮ್ಮ ಉಳಿದ ಬದುಕನ್ನು ತೊಡಗಿಸಿದ್ದು ಶೆರ್ಪಾಗಳ ಊರುಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸುವುದಕ್ಕೆ. 1961ರಲ್ಲಿ ಕುಮ್ಜುಂಗ್‌ನಲ್ಲಿ ಮೊದಲ ಶಾಲೆ ಎದ್ದಿತು. ತುದಿಯಲ್ಲಿ ಅವರಿದ್ದದ್ದು ಹದಿನೈದೇ ನಿಮಿಷ. ಇದನ್ನೆಲ್ಲ ಕಲ್ಲು ಮಂಟಪದಲ್ಲಿ ಕೂತು ನನಗೆ ಹೇಳಿದವನೂ ಇವನೇ, ಎಕ್ಸೆಲ್ ಮಾಡುವವರಿಗೆ ಇಂಥವೆಲ್ಲ ಗೊತ್ತಿರುತ್ತವೆ.

ಅವನಿಗೆ ಗುರಿ ಸಿಕ್ಕಿತಾ ಅಂತ ಕೇಳಬೇಡಿ. ಸದ್ಯಕ್ಕೆ ಒಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ, ಮೊದಲಿನ ಸಂಬಳದ ಅರ್ಧ. ಆದರೆ ಭಾನುವಾರಗಳಂದು ಸಾವನದುರ್ಗಕ್ಕೋ ರಾಮನಗರಕ್ಕೋ ಹೊಸಬರ ಗುಂಪುಗಳ ಜೊತೆ ಹೋಗುತ್ತಾನೆ, ಕೊನೆಯವನಾಗಿ ನಡೆಯಲು. ಚಾರಣದವರು ಇದಕ್ಕೆ ಸ್ವೀಪ್ ಅಂತಾರೆ. ಗುಂಪಿನಲ್ಲಿ ಅತಿ ನಿಧಾನ ಯಾರೋ ಅವರ ಹಿಂದೆ ಇವನು. ದುಡ್ಡಿಲ್ಲ, ಬಸ್ಸಿನ ಖರ್ಚು ಮತ್ತು ತಟ್ಟೆ ಇಡ್ಲಿ ಅವರದು. ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬರುತ್ತಂತೆ, "ಅಣ್ಣಾ ಎಲ್ಲಿದೀರಾ, ಎಲ್ಲರೂ ನಿಮಗೇ ಕಾಯ್ತಿದೀವಿ" ಅಂತ. ಅದನ್ನು ಹೇಳುವಾಗ ಸ್ವಲ್ಪ ಬೀಗುತ್ತಾನೆ.

ಬರೋ ಭಾನುವಾರ ಮಾಕಳಿದುರ್ಗ, ನಾವು ಐದೇ ಜನ. ಹೊಸ ಎಕ್ಸೆಲ್ ಗ್ರೂಪಿಗೆ ಬಂದು ಬಿದ್ದಿದೆ. ನನ್ನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ಒಂದೇ ಸಾಲು: 'ಮಂಡಿಗೆ ನೀ-ಕ್ಯಾಪ್ ತರದಿದ್ದರೆ ಸ್ಟೇಷನ್‌ನಿಂದಲೇ ವಾಪಸ್.'