ತಮ್ಮ ಮೆಚ್ಚುಗೆಗೆ ಧನ್ಯವಾದಗಳು

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂಮುಕ್ಕಾಲರ ಸುಮಾರಿಗೆ, ಮನೆಯವರೆಲ್ಲ ಮಲಗಿದ ಮೇಲೆ, ನಮ್ಮ ಬೀದಿಯ ಗುಂಡಿಯನ್ನು ಕುರಿತು ಮೊಬೈಲಿನಲ್ಲಿ ಒಂದು ದೂರು ಬರೆದೆ. ಬರೆದೆ ಎಂದರೆ ಕಡಿಮೆಯಾದೀತು, ರಚಿಸಿದೆ ಎನ್ನಬೇಕು. "ಒಂದೇ ವರ್ಷದಲ್ಲಿ ಮೂರನೆಯ ಬಾರಿ ನಮ್ಮ ಬೀದಿಯನ್ನು ಅಗೆದು, ನೀರಿನ ಪೈಪು, ಗ್ಯಾಸಿನ ಪೈಪು, ಇಂಟರ್‌ನೆಟ್ ಕೇಬಲ್ಲು ಎಂಬ ಮೂರು ಯುಗಗಳ ನಾಗರಿಕತೆಯನ್ನು ಪದರಪದರವಾಗಿ ನಮಗೆ ತೋರಿಸಿಕೊಟ್ಟ ತಮ್ಮ ಕಾರ್ಯದಕ್ಷತೆಗೆ ಬೀದಿಯ ಸಮಸ್ತರೂ ಚಿರಋಣಿಗಳು. ಇಂಥ ಆಡಳಿತ ಹರಪ್ಪದವರಿಗೂ ಲಭಿಸಿರಲಿಲ್ಲ" ಎಂದು ಮುಗಿಸಿ, ಎರಡು ಸಲ ಓದಿಕೊಂಡು, ಒಬ್ಬನೇ ನಕ್ಕು, ಕಳುಹಿಸಿದೆ. ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಂತು: "ತಮ್ಮ ಮೆಚ್ಚುಗೆಗೆ ಧನ್ಯವಾದಗಳು. ತಮ್ಮ ಅಹವಾಲನ್ನು ಯಶಸ್ವಿಯಾಗಿ ಮುಕ್ತಾಯಗೊಳಿಸಲಾಗಿದೆ." ಅದರ ಕೆಳಗೆ, ಸೇವೆ ಹೇಗಿತ್ತೆಂದು ತಿಳಿಸಲು ಐದು ನಕ್ಷತ್ರಗಳು ಸಾಲಾಗಿ ಕಾಯುತ್ತಿದ್ದವು.

ಆ ಹೊತ್ತಿನಲ್ಲಿ, ಅಷ್ಟು ಚುರುಕಾಗಿ ಉತ್ತರಿಸುವ ನೌಕರರು ಯಾವ ಕಚೇರಿಯಲ್ಲಿಯೂ ಇರಲಾರರಾದ್ದರಿಂದ, ನನ್ನ ರಚನೆಯನ್ನು ಓದಿದ್ದು ಯಂತ್ರವೇ ಎಂಬುದರಲ್ಲಿ ಸಂಶಯವಿಲ್ಲ. 'ಚಿರಋಣಿ' ಎಂಬ ಪದ ಸಿಕ್ಕಿತು, 'ದಕ್ಷತೆ' ಎಂಬ ಪದ ಸಿಕ್ಕಿತು, ಮೆಚ್ಚುಗೆಯ ಬುಟ್ಟಿಗೆ ಹಾಕಿತು. ದಾಸರು ದೇವರನ್ನು ಬೈಯುವ ಹಾಗೆ ಹೊಗಳಿದರು, ನಾನು ಹೊಗಳುವ ಹಾಗೆ ಬೈದಿದ್ದೆ. ಎರಡನ್ನೂ ನಮ್ಮ ಅಲಂಕಾರಶಾಸ್ತ್ರದವರು ವ್ಯಾಜಸ್ತುತಿ ಎಂಬ ಒಂದೇ ಹೆಸರಿನಡಿ ಕಟ್ಟಿಹಾಕಿದ್ದಾರೆ. ವಿಠಲನಿಗೆ ತಿಳಿಯುತ್ತಿದ್ದದ್ದು ಈ ಯಂತ್ರಕ್ಕೆ ತಿಳಿಯಲಿಲ್ಲವೆಂದು ನಾನು ಅಂದು ಬಹಳ ಹೊತ್ತು ಹೊರಳಾಡಿದೆ. ಗುಂಡಿ ಹಾಗೇ ಉಳಿದ ಬಗ್ಗೆ ನನಗೆ ಅಷ್ಟು ಬೇಸರವಾಗಲಿಲ್ಲ, ಅದು ಹೇಗೂ ಉಳಿಯುವಂಥದ್ದೇ. ಹರಪ್ಪದ ಮಾತು ವ್ಯರ್ಥವಾಯಿತಲ್ಲ ಎಂಬುದೇ ಕೊರೆಯುತ್ತಿತ್ತು.

ಈ ಕಷ್ಟ ನನ್ನೊಬ್ಬನದಲ್ಲ. 2014ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ನವರು, ಜನ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವುದನ್ನು ಸೋಸಿ ನೋಡುವ ಒಂದು ಸಾಫ್ಟ್‌ವೇರ್ ಬೇಕೆಂದು ಪ್ರಕಟಣೆ ಹೊರಡಿಸಿದ್ದರು. ಅದಕ್ಕೆ ಇರಬೇಕಾದ ಗುಣಗಳ ಪಟ್ಟಿಯಲ್ಲಿ, ಕೊಂಕನ್ನು ಕಂಡುಹಿಡಿಯುವ ಸಾಮರ್ಥ್ಯವೂ ಒಂದು. ಅದೇ ಪಟ್ಟಿಯಲ್ಲಿ, ಆ ಸಾಫ್ಟ್‌ವೇರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8ರಲ್ಲಿಯೂ ನಡೆಯಬೇಕೆಂಬ ಷರತ್ತಿತ್ತು. ಆ ಹೊತ್ತಿಗಾಗಲೇ ಐದು ವರ್ಷ ಹಳೆಯದಾಗಿ, ಪುಟ ತೆರೆಯಲೆಂದು ಒತ್ತಿ, ಕಾಫಿ ಕುಡಿದು ಬಂದರೂ ಬಿಳಿ ಪರದೆಯನ್ನೇ ತೋರಿಸುತ್ತಿದ್ದ ಬ್ರೌಸರದು. ಸುದ್ದಿ ಹೊರಬಿದ್ದ ದಿನ ಜಗತ್ತಿನವರೆಲ್ಲ "ಓಹೋ, ಬಹಳ ಒಳ್ಳೆಯ ಯೋಚನೆ" ಎಂದು ಒಕ್ಕೊರಲಿನಿಂದ ಬರೆದರು. ಆ ಯಂತ್ರ ಆಗಲೇ ಇದ್ದಿದ್ದರೆ ಈ ಒಕ್ಕೊರಲನ್ನು ಏನೆಂದು ದಾಖಲಿಸಿಕೊಳ್ಳುತ್ತಿತ್ತೋ.

ತಂತ್ರಜ್ಞಾನದ ಸುದ್ದಿಯನ್ನೂ ರಾಜಕೀಯದ ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಗೇಲಿ ಮಾಡುವ ವಿದ್ಯೆಯನ್ನು ನಾನು ಕಲಿತದ್ದು ಒಂದು ಕಟಿಂಗ್ ಶಾಪಿನಲ್ಲಿ. ಅಲ್ಲಿನ ಗುರುಗಳು ನಿವೃತ್ತ ಪೋಸ್ಟ್ ಮಾಸ್ಟರೊಬ್ಬರು. ಅವರ ವಿಷಯ ಹೇಳದೆ ಮುಂದೆ ಹೋಗುವುದು ಸಾಧ್ಯವಿಲ್ಲ.

ನಮ್ಮ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ಆ ಅಂಗಡಿಯಲ್ಲಿ ಎರಡು ಕುರ್ಚಿ, ಎದುರುಬದುರು ಎರಡು ಕನ್ನಡಿ, ಕತ್ತಿ ಮಸೆಯಲು ಗೋಡೆಯ ಮೊಳೆಗೆ ನೇತುಹಾಕಿದ ಒಂದು ಚರ್ಮದ ಪಟ್ಟಿ, ಮತ್ತು ಬಾಗಿಲ ಮೇಲೆ ಕೆಂಪಕ್ಷರದಲ್ಲಿ "ಇಲ್ಲಿ ರಾಜಕೀಯ ಮಾತನಾಡಬಾರದು" ಎಂಬ ಬೋರ್ಡು ಇದ್ದವು. ಅಂಗಡಿಯವರು ಈ ಬೋರ್ಡನ್ನು ಹಾಕಿಸಿದ್ದಕ್ಕೆ ಕಾರಣ ತತ್ವನಿಷ್ಠೆಯಲ್ಲ. ಹಿಂದೆ ಯಾವುದೋ ಚುನಾವಣೆಯ ಕಾಲದಲ್ಲಿ ವಾದ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ, ಅರ್ಧ ಕ್ಷೌರ ಮಾಡಿಸಿಕೊಂಡ ಒಬ್ಬ ಗಿರಾಕಿ ದುಡ್ಡು ಕೊಡದೆ ಎದ್ದುಹೋಗಿದ್ದನಂತೆ. ನಾನು ಚಿಕ್ಕವನಾದ್ದರಿಂದ ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಇಟ್ಟ ಹಲಗೆಯ ಮೇಲೆ ಕೂರುತ್ತಿದ್ದೆ, ಹಾಗಾಗಿ ಎರಡು ಕನ್ನಡಿಗಳ ನಡುವೆ ಇಡೀ ಅಂಗಡಿ ಕೊನೆಯಿಲ್ಲದಂತೆ ಕಾಣಿಸುತ್ತಿತ್ತು. ಅಷ್ಟೂ ಅಂಗಡಿಗಳಲ್ಲಿ, ಅಷ್ಟೂ ಬೆಂಚುಗಳ ತುದಿಯಲ್ಲಿ, ಕಾಲಿನ ಮೇಲೆ ಕಾಲು ಹಾಕಿಕೊಂಡು ಪೋಸ್ಟ್ ಮಾಸ್ಟರು ಕೂತಿರುತ್ತಿದ್ದರು. ಅವರ ತಲೆ ಪೂರ್ತಿ ಬೋಳಾಗಿತ್ತು. ಅವರು ಬರುತ್ತಿದ್ದದ್ದು ಪತ್ರಿಕೆಗಾಗಿ.

ಪತ್ರಿಕೆಯನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು, ಪ್ರತಿ ತಲೆಬರಹದ ಕೊನೆಯಲ್ಲಿ "ಹೂಂ" ಎನ್ನುತ್ತಿದ್ದರು. ಅಷ್ಟೇ. ಬೋರ್ಡು ನಿಷೇಧಿಸಿದ್ದು ಮಾತನ್ನು, 'ಹೂಂ' ಮಾತಲ್ಲವಲ್ಲ. ಆದರೆ ಆ ಒಂದಕ್ಷರದಲ್ಲಿ ಎಷ್ಟು ಬಗೆಗಳಿದ್ದವೆಂದರೆ, ಗಿರಾಕಿಗಳು ಅದಕ್ಕಾಗಿಯೇ ಸರದಿ ಬಿಟ್ಟುಕೊಟ್ಟು ಕೂರುತ್ತಿದ್ದರು. ಮಂತ್ರಿಗಳ ಭರವಸೆಗೆ ಮೂಗಿನಿಂದ ಹೊರಡುವ ಗಿಡ್ಡ ಹೂಂ. ಬಜೆಟ್ಟಿಗೆ ಕೆಳಗಿನಿಂದ ಮೇಲಕ್ಕೆ ಎಳೆದು, ಪ್ರಶ್ನೆಯ ಅಂಚಿನಲ್ಲಿ ತೂಗಾಡಿಸಿ ಬಿಡುವ ಹೂಂ. ರಾಕೆಟ್ಟು ಹಾರಿಸಿದ ಸುದ್ದಿಗೆ, ಮಗ ಪಾಸಾದನೆಂದು ಕೇಳಿದ ತಂದೆಯ ಹಾಗೆ, ಅನುಮಾನವೂ ಹೆಮ್ಮೆಯೂ ಕೂಡಿದ ಹೂಂ. ಅಂಗಡಿಯವರು ಕತ್ತರಿಯನ್ನು ಗಾಳಿಯಲ್ಲಿ ನಿಲ್ಲಿಸಿ ನಗುತ್ತಿದ್ದರು, ನಕ್ಕ ದಿನ ನಮ್ಮ ಕಿವಿಗೆ ಅಪಾಯವಿತ್ತು.

ಆ ಕಾಲದಲ್ಲಿ ಕೊಂಕಿಗೆ ಕಚ್ಚಾವಸ್ತುವಿನ ಕೊರತೆ ಇರಲಿಲ್ಲ. 1980ರಲ್ಲಿ ದೆಹಲಿಯಲ್ಲಿ ವಾಜಪೇಯಿಯವರೆದುರು ಸೋತು, ಅದೇ ವರ್ಷ ನಮ್ಮ ಗುಲ್ಬರ್ಗದ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆ ಸೇರಿದ ಸಿ.ಎಂ. ಸ್ಟೀಫನ್ನರು ಸಂಪರ್ಕ ಸಚಿವರಾಗಿದ್ದರು. ದೂರವಾಣಿ ಸರಿಯಿಲ್ಲವೆಂಬ ದೂರಿಗೆ ಅವರು ಸಂಸತ್ತಿನಲ್ಲಿ, ದೂರವಾಣಿಯೆಂಬುದು ಹಕ್ಕಲ್ಲ, ಭೋಗವಸ್ತು; ಸಮಾಧಾನವಿಲ್ಲದವರು ಹಿಂದಿರುಗಿಸಬಹುದು, ತೆಗೆದುಕೊಳ್ಳಲು ಕಾಯುತ್ತಿರುವವರ ಸಾಲು ದೊಡ್ಡದಿದೆ ಎಂಬರ್ಥದ ಉತ್ತರ ಕೊಟ್ಟದ್ದು ಪ್ರಸಿದ್ಧವಾಯಿತು. ನಮ್ಮ ಊರಿನಲ್ಲಿ ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿ, ಮಧ್ಯಾಹ್ನದವರೆಗೆ ಕಾದು, ಬಸ್ಸಿನಲ್ಲಿ ಹೋಗಿ ಮಾತನಾಡಿಕೊಂಡು ಬಂದವರೂ ಇದ್ದರು. ಆ ಸುದ್ದಿ ಓದಿದ ದಿನ ಪೋಸ್ಟ್ ಮಾಸ್ಟರು 'ಹೂಂ' ಎನ್ನಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಾನು ಹಲಗೆಯ ಮೇಲಿದ್ದೆ, ಏನೂ ಅರ್ಥವಾಗದಿದ್ದರೂ ಎಲ್ಲರ ಜೊತೆ ನಕ್ಕೆ.

ನಾನು ಹಲಗೆಯಿಂದ ಕುರ್ಚಿಗೆ ಬಡ್ತಿ ಪಡೆದ ಕಾಲಕ್ಕೆ, ಅಂದರೆ 1987ರ ಸುಮಾರಿಗೆ, ಹಳ್ಳಿಹಳ್ಳಿಗೂ ದೂರವಾಣಿ ಬರಲಿದೆಯೆಂಬ ಸುದ್ದಿಗಳು ಶುರುವಾಗಿದ್ದವು. ಮಂಡಲ ಪಂಚಾಯಿತಿಗಳು ಆಗಷ್ಟೇ ಹುಟ್ಟಿದ್ದವು. ಪಕ್ಕದ ಮಂಡಲಕ್ಕೆ ಹೊಸದಾಗಿ ಪ್ರಧಾನರಾದವರೊಬ್ಬರು ಫೋನು ತರಿಸಿಯೇ ತೀರುತ್ತೇನೆಂದು ಎಲ್ಲ ಕಡೆ ಹೇಳಿಕೊಂಡು ಓಡಾಡುತ್ತಿದ್ದರು. ಒಂದು ಭಾನುವಾರ ಅವರೇ ನನ್ನ ಪಕ್ಕದ ಕುರ್ಚಿಯಲ್ಲಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಕತ್ತನ್ನು ಹಿಂದಕ್ಕೆ ಚಾಚಿ ಕೂತಿದ್ದರು. ಇದನ್ನು ಗಮನಿಸದ ಪೋಸ್ಟ್ ಮಾಸ್ಟರು, ಅಥವಾ ಗಮನಿಸಿಯೇ ಇದ್ದರೋ ದೇವರಿಗೇ ಗೊತ್ತು, ದೂರವಾಣಿಯ ಸುದ್ದಿಯನ್ನು ಓದಿ, ತಮ್ಮ ಭಂಡಾರದಲ್ಲಿದ್ದ ಅತಿ ಉದ್ದದ ಹೂಂ ಒಂದನ್ನು ಬಿಟ್ಟರು. ಪ್ರಧಾನರು ಎದ್ದು ನಿಂತರು. ಒಂದು ಕೆನ್ನೆ ನುಣುಪಾಗಿತ್ತು, ಇನ್ನೊಂದರ ನೊರೆ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಏನ್ ಮಾಸ್ಟ್ರೇ, ಏನಂದ್ರಿ ಈಗ?"

"ನಾನೇನಂದೆ ಪ್ರಧಾನ್ರೇ? ಹೂಂ ಅಂದೆ."

"ಹಾಗಂದ್ರೆ?"

"ಹೂಂ ಅಂದ್ರೆ ಒಪ್ಪಿಗೆ. ಅಲ್ಲ ಅನ್ನೋದಾದ್ರೆ ಊಹೂಂ ಅಂತಿರ್ಲಿಲ್ವೇ?"

ವ್ಯಾಕರಣದ ದೃಷ್ಟಿಯಿಂದ ಇದಕ್ಕೆ ಉತ್ತರವಿರಲಿಲ್ಲ. ಪ್ರಧಾನರು ಸ್ವಲ್ಪ ಹೊತ್ತು ಬೋರ್ಡನ್ನೂ ಪೋಸ್ಟ್ ಮಾಸ್ಟರನ್ನೂ ನೋಡಿ, ಉಳಿದ ಕೆನ್ನೆಯ ನೆನಪಾಗಿ ಕೂತರು. ಅಂಗಡಿಯವರ ಕೈ ನಗು ತಡೆದು ನಡುಗುತ್ತಿದ್ದದ್ದರಿಂದ ಒಂದು ಸಣ್ಣ ಗಾಯವಾಗಿ, ಅದಕ್ಕೆ ಪಟಿಕ ಉಜ್ಜಬೇಕಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಆ ಉದ್ದದ ಹೂಂ ತಪ್ಪಾಗಿತ್ತು. ನಾವು ಬೆಂಚಿನ ಮೇಲೆ ಕೂತು ನಗುವುದಕ್ಕೆ ಮೊದಲೇ, 1986ರಲ್ಲಿ, ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನವರು ನಮ್ಮ ದೇಶದಲ್ಲೇ ತಯಾರಿಸಿದ 128 ಲೈನುಗಳ ಪುಟ್ಟ ಗ್ರಾಮೀಣ ದೂರವಾಣಿ ಎಕ್ಸ್‌ಚೇಂಜು ನಮ್ಮದೇ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತ್ತು. ಕೆಲವು ವರ್ಷಗಳಲ್ಲಿ ಬಸ್ ಸ್ಟ್ಯಾಂಡಿನ ಸುತ್ತ ಎಸ್‌ಟಿಡಿ ಬೂತುಗಳು ಎದ್ದವು. ನಾನು ಕಾಲೇಜಿನ ರಜೆಗೆ ಊರಿಗೆ ಬಂದಾಗ, ಅಂಥದೊಂದು ಗಾಜಿನ ಪೆಟ್ಟಿಗೆಯೊಳಗೆ ಪೋಸ್ಟ್ ಮಾಸ್ಟರು ನಿಂತು, ತಲೆಯ ಮೇಲೆ ಓಡುವ ಕೆಂಪು ಅಂಕಿಗಳ ಮೇಲೆ ಒಂದು ಕಣ್ಣಿಟ್ಟು, ಪುಣೆಯಲ್ಲಿದ್ದ ಮಗಳೊಡನೆ ಮಾತನಾಡುತ್ತಿದ್ದುದನ್ನು ಕಂಡೆ. ಹೊರಗಿನವರೆಗೂ ಕೇಳಿಸುತ್ತಿತ್ತು: "ಹೂಂ... ಹೂಂ... ಹೂಂ." ಅವು ಯಾವ ಬಗೆಯ ಹೂಂಗಳೂ ಆಗಿರಲಿಲ್ಲ, ಬರಿಯ ಹೂಂಗಳು. ಪ್ರಧಾನರ ಕ್ಷಮೆಯನ್ನು ಅವರು ಕೇಳಿದಂತಿಲ್ಲ. ಕೊಂಕಾಡಿದವರು ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ; ಸುದ್ದಿ ನಿಜವಾಗಿಬಿಟ್ಟರೆ ಮುಂದಿನ ಸುದ್ದಿಗೆ ಹೋಗುತ್ತೇವೆ.

ಕೊಂಕಿನಿಂದ ಕೆಲಸವೇ ಆಗುವುದಿಲ್ಲವೆಂದು ಇದರಿಂದ ತಿಳಿಯಬಾರದು. ಬಾದಲ್ ನಂಜುಂಡಸ್ವಾಮಿಯವರೆಂಬ ಕಲಾವಿದರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ತಂದು ಮಲಗಿಸಿದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಲ್ಯಾಂಡರು ಇಳಿಯಲು ಕೆಲವೇ ದಿನಗಳಿದ್ದಾಗ, ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯ ಉಡುಪಿನವನೊಬ್ಬ ಕುಳಿಯಿಂದ ಕುಳಿಗೆ ತೇಲುತ್ತ ನಡೆಯುವ ವಿಡಿಯೊ ತೆಗೆದರು. ಪಕ್ಕದಲ್ಲಿ ಆಟೊ ಹಾದುಹೋಗುವವರೆಗೂ ಅದು ಚಂದ್ರನೆಂದೇ ನಂಬಬೇಕು, ಹಾಗಿತ್ತು. ಎರಡು ಸಲವೂ ಗುಂಡಿಗಳು ಬೇಗನೆ ಮುಚ್ಚಿದವು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಈ ಮೆಚ್ಚುಗೆಯಲ್ಲಿ ವ್ಯಾಜವಿಲ್ಲ. ಆದರೆ ಮೊಸಳೆ ಮಾಡಲು ಮೈ ಬಗ್ಗಿಸಬೇಕು, ಹಣ ಹಾಕಬೇಕು, ಹೊತ್ತು ತರಬೇಕು. ನಮ್ಮದು ಹೆಬ್ಬೆರಳಿನ ಕೊಂಕು.

ಆ ಹೆಬ್ಬೆರಳಿನ ಕೊಂಕಿನಲ್ಲೂ ಈಗ ನೆಮ್ಮದಿ ಉಳಿದಿಲ್ಲ. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಕಂಪನಿಯ ಅಧ್ಯಕ್ಷರು ವಾರಕ್ಕೆ 90 ಗಂಟೆ ದುಡಿಯಬೇಕು, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಮಾತಾಡಿದ ದಿನ, ನಾನು ಬಸ್ಸಿನಲ್ಲಿ ಅರ್ಧ ಗಂಟೆ ತಲೆ ಕೆಡಿಸಿಕೊಂಡು, ಅವರ ಹೆಂಡತಿಯ ಅಭಿಪ್ರಾಯವನ್ನೂ ಕೇಳಬೇಕೆಂಬ ಒಂದು ಸಾಲನ್ನು ಕಡೆದು ನಿಲ್ಲಿಸಿದೆ. ಹಾಕಲು ಹೋದರೆ, ಅದೇ ಸಾಲನ್ನು ಅದೇ ವಿರಾಮಚಿಹ್ನೆಗಳೊಡನೆ ಇನ್ನೂರು ಜನ ಆಗಲೇ ಹಾಕಿದ್ದರು. ಅವರಲ್ಲಿ ಒಬ್ಬ ಮುಖಚಿತ್ರದಲ್ಲಿ ನೋಡಿದರೆ ಇನ್ನೂ ಶಾಲೆಗೆ ಹೋಗುವ ವಯಸ್ಸಿನವನು, ಹೆಂಡತಿಯ ಚಿಂತೆ ಅವನಿಗೇಕೆ ಬಂತೋ. ಕೆಲವರಂತೂ ಸಾಲನ್ನೂ ಬರೆಯದೆ, ನಗುತ್ತ ಕಣ್ಣೀರಿಡುವ ಆ ಹಳದಿ ಮುಖವನ್ನು ಮೂರು ಸಲ ಒತ್ತಿ ಕೈ ತೊಳೆದುಕೊಳ್ಳುತ್ತಾರೆ. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದವೆಂದು ಸಾರಿದ್ದರು, ಅದು ಪದವೇ ಅಲ್ಲ ಎಂಬುದನ್ನು ಅವರಿಗೆ ಹೇಳುವವರು ಯಾರೂ ಇದ್ದಂತಿಲ್ಲ. ಪೋಸ್ಟ್ ಮಾಸ್ಟರ ಹೂಂ ಕನಿಷ್ಠಪಕ್ಷ ಪ್ರತಿದಿನ ಹೊಸದಾಗಿ ಗಂಟಲಿನಿಂದ ಹೊರಡುತ್ತಿತ್ತು.

ಇದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಗೇಲಿಗೆ ಗುರಿಯಾಗಬೇಕಾದವರೇ ಗೇಲಿಯ ಕಸುಬಿಗೆ ಇಳಿದಿರುವುದು. 2025ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಯು ವಿಶಾಖಪಟ್ಟಣದಲ್ಲಿ 15 ಶತಕೋಟಿ ಡಾಲರಿನ ಕೃತಕ ಬುದ್ಧಿಮತ್ತೆ ಕೇಂದ್ರ ಕಟ್ಟುವುದಾಗಿ ಘೋಷಿಸಿದಾಗ, ಆಂಧ್ರದ ಸಚಿವ ನಾರಾ ಲೋಕೇಶರು, ಆಂಧ್ರದ ಊಟದಂತೆ ಅಲ್ಲಿನ ಹೂಡಿಕೆಯೂ ಖಾರವೆಂದೂ, ಕೆಲವು ನೆರೆಹೊರೆಯವರಿಗೆ ಉರಿ ಹತ್ತಿದೆಯೆಂದೂ ಬರೆದರು. ನಮ್ಮ ಸಚಿವ ಪ್ರಿಯಾಂಕ್ ಖರ್ಗೆಯವರು ಸುಮ್ಮನಿರಲಿಲ್ಲ, ಅವರೂ ತಿರುಗಿ ಕೊಟ್ಟರು. ಎರಡು ದಿನ ಎರಡೂ ರಾಜ್ಯಗಳ ಜನ ಬೇಲಿಯ ಆಚೆ ಈಚೆ ನಿಂತು ಚಪ್ಪಾಳೆ ತಟ್ಟಿದೆವು. ಕೃತಕ ಬುದ್ಧಿಮತ್ತೆ ಬಂದು ಎಲ್ಲರ ಕೆಲಸ ಕಿತ್ತುಕೊಳ್ಳುತ್ತದೆಂದು ಹೆದರಿಸುತ್ತಾರೆ. ಅದು ಬರುವ ಮೊದಲೇ ಸಚಿವರು ನನ್ನ ಕೆಲಸ ಕಿತ್ತುಕೊಂಡರು. ಅವರು ಸಚಿವರ ಕೆಲಸವನ್ನು ನನಗೆ ಬಿಟ್ಟುಕೊಟ್ಟಿದ್ದರೆ ತಕರಾರಿರುತ್ತಿರಲಿಲ್ಲ, ಆದರೆ ಅದನ್ನೂ ಕೊಡುವ ಲಕ್ಷಣ ಕಾಣುವುದಿಲ್ಲ.

ಇಷ್ಟನ್ನೆಲ್ಲ ಬರೆಯುವ ಹೊತ್ತಿಗೆ, ಕೊಂಕಿಗೂ ದೂರಿಗೂ ಇರುವ ವ್ಯತ್ಯಾಸವೇನೆಂದು ಒಂದು ಮಾತು ಹೇಳಬೇಕೆಂದಿದ್ದೆ. ರಾತ್ರಿ ಹೊರಳಾಡುವಾಗ ಅದು ಬಹಳ ಸ್ಪಷ್ಟವಾಗಿ ಹೊಳೆದಿತ್ತು ಕೂಡ. ಆದರೆ ಇವತ್ತು ಬೆಳಿಗ್ಗೆ ಬೀದಿಯಲ್ಲಿ ಜೆಸಿಬಿಯ ಸದ್ದು ಕೇಳಿ, ಬರೆಯುತ್ತಿದ್ದುದನ್ನು ಬಿಟ್ಟು ಎದ್ದೆ. ಯಂತ್ರಕ್ಕೆ ತಡವಾಗಿಯಾದರೂ ಹರಪ್ಪದ ಮಾತು ತಿಳಿದು, ಗುಂಡಿ ಮುಚ್ಚಲು ಕಳಿಸಿರಬೇಕೆಂದು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ. ಗಾಡಿಯ ಹಿಂದೆ ಕಪ್ಪು ಕೇಬಲ್ಲಿನ ದೊಡ್ಡ ಸುರುಳಿಯೊಂದನ್ನು ಇಬ್ಬರು ಉರುಳಿಸಿಕೊಂಡು ಬರುತ್ತಿದ್ದರು. ಜೆಸಿಬಿಯ ಹುಡುಗ ಮೇಲಿನಿಂದಲೇ ಬಗ್ಗಿ, ಬಹಳ ವಿನಯದಿಂದ ಕೇಳಿದ:

"ಸಾರ್, ಇಲ್ಲೇ ಅಗೀಬಹುದಾ? ಕೆಳಗಡೆ ನೀರಿನ ಪೈಪ್ ಏನೂ ಇಲ್ಲ ತಾನೆ?"

ನಾನು ಸೊಂಟದ ಮೇಲೆ ಕೈಯಿಟ್ಟು, ಪೋಸ್ಟ್ ಮಾಸ್ಟರನ್ನು ನೆನೆದು, ಕೆಳಗಿನಿಂದ ಮೇಲಕ್ಕೆ ಎಳೆದು, ಜೀವಮಾನದಲ್ಲೇ ಉದ್ದವಾದ ಒಂದು ಹೂಂ ಬಿಟ್ಟೆ.

"ಥ್ಯಾಂಕ್ಸ್ ಸಾರ್" ಎಂದು ಅವನು ಹಲ್ಲಿನ ಬಕೆಟ್ಟನ್ನು ನೆಲಕ್ಕೆ ಇಳಿಸಿದ.